ಓ ಅನ್ನಲು ಒಬ್ಬರು

ಬಾವಿಯ ಕೆಸರು ತೆಗೆಯಲು ಇಬ್ಬರು ಬೇಕು. ಒಬ್ಬರು ಕೆಳಗೆ, ಒಬ್ಬರು ಮೇಲೆ. ಕೆಳಗಿನವರು ಕೆಸರು ಬಾಚಿ ಬುಟ್ಟಿ ತುಂಬಿಸಿ "ಆಂಡ್" ಅಂತ ಕೂಗಬೇಕು. ಆಯಿತು ಅಂತ ಅರ್ಥ, ತುಳುವಿನಲ್ಲಿ. ಮೇಲಿನವರು "ಓ" ಅಂದು ಹಗ್ಗ ಎಳೆಯಬೇಕು. ಓ ಅನ್ನದೆ ಎಳೆಯುವ ಹಾಗಿಲ್ಲ. ಕೆಳಗೆ ಕತ್ತಲೆ. ಮೊಣಕಾಲಿನವರೆಗೆ ನೀರು. ನೆತ್ತಿಯ ಮೇಲೆ ತೂಗುವ ಬುಟ್ಟಿ. ಮೇಲೆ ಮನುಷ್ಯರಿದ್ದಾರೆ ಅಂತ ಅಲ್ಲಿ ನಿಂತವನಿಗೆ ಗೊತ್ತಾಗುವುದು ಆ ಒಂದು ಓ ಕೇಳಿದಾಗ ಮಾತ್ರ.

ಕಿನ್ನಿ ಜೀವಮಾನವಿಡೀ ಓ ಅಂದವಳು. ಗಂಡ ವಾಸಪ್ಪ ಕೆಳಗೆ, ಇವಳು ಮೇಲೆ. ಬದಿಯಡ್ಕದಿಂದ ಅಗಲ್ಪಾಡಿಯವರೆಗೆ ಇವರ ಹಗ್ಗ ಇಳಿಯದ ಬಾವಿ ಕಡಿಮೆ. ಮಗಳು ಮೋಕ್ಷಿತಾ ಸಣ್ಣವಳಿರುವಾಗ ಅವಳನ್ನು ಬಾವಿಕಟ್ಟೆಯ ಹತ್ತಿರ ನೆರಳಿನಲ್ಲಿ ಕೂರಿಸುತ್ತಿದ್ದರು. ಅಮ್ಮ ಓ ಅಂದರೆ ಮಗಳೂ ಓ ಅನ್ನುವುದು. ಕೆಳಗಿನಿಂದ ವಾಸಪ್ಪ ನಗುವುದು. ಕೆಲವು ಸಲ ಬುಟ್ಟಿ ತುಂಬದಿದ್ದರೂ ಅವನು ಸುಮ್ಮನೆ ಆಂಡ್ ಅನ್ನುತ್ತಿದ್ದ, ಮಗಳ ಓ ಕೇಳಲಿಕ್ಕೆ.

ವಾಸಪ್ಪ ಹೋಗಿ ಮೂರು ಮಳೆಗಾಲ ಕಳೆಯಿತು. ಎದೆ ಕಟ್ಟಿ, ಕೆಮ್ಮಿ ಕೆಮ್ಮಿ ಹೋದ. ಮೋಕ್ಷಿತಾ ಮದುವೆಯಾಗಿ ಬೋವಿಕಾನಕ್ಕೆ ಹೋದಳು. ಈಗ ಕಿನ್ನಿಯ ಸ್ವಂತ ಬಾವಿಯಲ್ಲೇ ಕೆಸರು ತುಂಬಿದೆ. ಊರಿಗೆಲ್ಲ ಓ ಅಂದವಳಿಗೆ ಓ ಅನ್ನಲು ಒಂದು ನರಪಿಳ್ಳೆ ಇಲ್ಲ. ನೋಡಿ ಈ ಲೋಕದ ಚಂದ.

ಅವಳ ಮನೆ ಇರುವುದು ಶಿವಪ್ರಸಾದ ಭಟ್ಟರ ಗುಡ್ಡೆಯ ಬುಡದಲ್ಲಿ. ವಾಸಪ್ಪನ ಅಪ್ಪ ಆ ಕಾಲದಲ್ಲಿ ಭಟ್ಟರ ಮನೆಯ ಆಳು. ಅಲ್ಲೇ ಗುಡಿಸಲು ಹಾಕಿಕೊಂಡಿದ್ದ. ಕಾನೂನು ಬಂದು, ಕುಡಿಕಿಡಪ್ಪಿನ, ಅಂದರೆ ಒಕ್ಕಲಿದ್ದವನ ಹಕ್ಕು ಅಂತ ಗುಡಿಸಲಿನ ಸುತ್ತ ಹತ್ತು ಸೆಂಟ್ಸು ಜಾಗ ಅವನ ಹೆಸರಿಗಾಯಿತು. ಆ ಹತ್ತು ಸೆಂಟ್ಸಿನ ನಾಲ್ಕು ಸುತ್ತಲೂ ಭಟ್ಟರದ್ದೇ. ಕೂಗಿದರೆ ಕೇಳುವಷ್ಟು ಹತ್ತಿರ ಇರುವ ಮನೆಯೂ ಭಟ್ಟರದ್ದು ಒಂದೇ.

ಬಾವಿ ತೋಡಿದ್ದು ಗಂಡ ಹೆಂಡತಿಯೇ. ಕೂಲಿ ಮುಗಿಸಿ ಬಂದು ಸಂಜೆಯ ಬೆಳಕಿನಲ್ಲಿ ತೋಡಿದ್ದು. ಮುರಕಲ್ಲು ಕಡಿದು ಕಡಿದು ಅವನ ಅಂಗೈ ಕಲ್ಲಾಯಿತು, ಹಗ್ಗ ಎಳೆದು ಎಳೆದು ಇವಳದ್ದು. ನೀರು ಬಂದ ದಿನ ವಾಸಪ್ಪ ಆಂಡ್ ಅನ್ನಲಿಲ್ಲ. ಕೆಳಗೆ ಕೂತು ಅತ್ತ. ಎಂತ ನೀರು ಅದು. ತಳದ ಕಲ್ಲು ಕಾಣುತ್ತಿತ್ತು. ಬೇಸಿಗೆಯಲ್ಲಿ ಒಂದು ಚೊಂಬು ಕುಡಿದರೆ ಹೊಟ್ಟೆಯವರೆಗೆ ತಂಪು.

ಕಳೆದ ವರ್ಷ ಭಟ್ಟರು ಗುಡ್ಡೆಗೆ ಜೆಸಿಬಿ ಹತ್ತಿಸಿದರು. ರಬ್ಬರ್ ಹಾಕಲು ತಟ್ಟು ತಟ್ಟಾಗಿ ಕಡಿಸಿದರು. ಮರ ಹೋಯಿತು, ಪೊದೆ ಹೋಯಿತು. ಕಡಿದ ಮಣ್ಣನ್ನು ಅಂಚಿಗೆ ದೂಡಿ ಬಿಟ್ಟರು. ನೀರು ಹೋಗಲು ಒಂದು ಕಣಿ ಇಲ್ಲ, ಮಣ್ಣು ನಿಲ್ಲಲು ಒಂದು ಕಟ್ಟ ಇಲ್ಲ. ಕೆಳಗೆ ಒಂದು ಮನೆ ಉಂಟು, ಅದರಲ್ಲಿ ಒಂದು ಜೀವ ಉಂಟು ಅಂತ ಲೆಕ್ಕವೇ ಇಲ್ಲ. ಆಟಿ ತಿಂಗಳ ಮಳೆ ಹೊಡೆದಾಗ ಗುಡ್ಡೆ ಕರಗಿ ಬಂತು. ಮಣ್ಣು ಬಾವಿಕಟ್ಟೆ ಹಾರಿ ಒಳಗೆ ಬಿತ್ತು. ಬೆಳಿಗ್ಗೆ ಕಿನ್ನಿ ಕೊಡಪಾನ ಇಳಿಸಿ ಎಳೆದರೆ ಬಂದದ್ದು ನೀರಲ್ಲ, ಕೆಂಪು ಗಂಜಿ.

ಅಂದಿನಿಂದ ಅದೇ. ಹಳೆಯ ಮುಂಡು ಮಡಚಿ ಸೋಸಿದಳು. ಪಟಿಕ ಉಜ್ಜಿ ಇಟ್ಟಳು. ಕುದಿಸಿದಳು. ಕೆಂಪು ಹೋಗಲಿಲ್ಲ. ಅನ್ನ ಕೆಂಪು, ಬಟ್ಟೆ ಕೆಂಪು, ಉಗುರಿನ ಸಂದು ಕೆಂಪು. ಆಗಾಗ ಹೊಟ್ಟೆ ಕೆಟ್ಟು ಒಬ್ಬಳೇ ಗೋಡೆ ಹಿಡಿದು ಹಿತ್ತಿಲಿಗೆ ಹೋಗುವಳು. ಬಿದ್ದರೆ ಎತ್ತುವವರಿಲ್ಲ.

ಹೇಳಿಕೊಳ್ಳಲಿಲ್ಲ ಅಂತಲ್ಲ. ಭಟ್ಟರಿಗೆ ಹೇಳಿದಳು. ಅವರು ಗದರುವ ಜನ ಅಲ್ಲ. ಮೆತ್ತಗೆ ಮಾತಾಡುವವರು. "ಮಳೆಗಾಲದಲ್ಲಿ ಬಾವಿ ಕಲಕುವುದು ಇದ್ದದ್ದೇ ಕಿನ್ನಿ. ಎರಡು ದಿನ ನೀರು ಮುಟ್ಟಬೇಡ. ತನ್ನಷ್ಟಕ್ಕೆ ತಿಳಿಯಾಗ್ತದೆ, ಕಾಯಬೇಕು" ಅಂದರು. ನೀರು ಮುಟ್ಟದೆ ಎರಡು ದಿನ ಬದುಕುವುದು ಹೇಗೆ ಅಂತ ಮಾತ್ರ ಹೇಳಿಕೊಡಲಿಲ್ಲ.

ಪಂಚಾಯತಿಗೆ ಹೋದಳು. ಓವರ್ಸಿಯರ್ ಒಬ್ಬ ಬಂದ. ತೆಂಕು ಕಡೆಯ ಹುಡುಗ, ಕನ್ನಡ ಬಾರದು. ಬಾವಿಗೆ ಬಗ್ಗಿ, "ಮುಳುವನ್ ಚೆಳಿಯಾಣಲ್ಲೋ" ಅಂದ. ಇಡೀ ಕೆಸರೇ ಅಲ್ವಾ ಅಂತ ಮಲಯಾಳದಲ್ಲಿ. ಕಿನ್ನಿಯ ಕಿವಿಗೆ ಬಿದ್ದದ್ದು ಚಳಿ. "ಚಳಿ ಅಲ್ಲ ಸಾರ್, ಕೆಸರು" ಅಂದಳು. ಅವನು ನಕ್ಕ. ಇವಳೂ ನಕ್ಕಳು. ಆ ವರ್ಷ ಅವಳ ಅಂಗಳದಲ್ಲಿ ಯಾರಾದರೂ ನಕ್ಕದ್ದಿದ್ದರೆ ಅದೊಂದೇ. ಅವನು ಫೋಟೋ ಹೊಡೆದು, ಬಾವಿಯ ಸುತ್ತ ಶುಚಿ ಇಟ್ಟುಕೊಳ್ಳಬೇಕು ಅಂತ ಸನ್ನೆಯಲ್ಲಿ ತಿಳಿಸಿ ಹೋದ. ಆಮೇಲೆ ಆರೋಗ್ಯದವರು ಬಂದು ಬ್ಲೀಚಿಂಗ್ ಪುಡಿ ಸುರಿದರು. ಕೆಂಪು ನೀರಿಗೆ ಆಸ್ಪತ್ರೆಯ ವಾಸನೆ ಹಿಡಿಯಿತು. ನೀರು ಪರೀಕ್ಷೆಗೆ ಹೋಯಿತು. ಕುಡಿಯಲು ಆಗದು ಅಂತ ಬಂತು. ಅದು ಅವಳ ಹೊಟ್ಟೆಗೆ ಮೊದಲೇ ಗೊತ್ತಿತ್ತು.

ಇಷ್ಟನ್ನೂ ಅವಳು ನುಂಗಿಕೊಂಡಳು. ಆದರೆ ಮೋಕ್ಷಿತಾ ಬಸುರಿಯಾದಳು. ಬಯಕೆಯ ಶಾಸ್ತ್ರ ಮುಗಿಯಿತು. ಬಯಕೆಯಾದ ಮೇಲೆ ಚೊಚ್ಚಲಿಗೆ ತಾಯಿಮನೆಗೆ ಬರುವುದು ಕ್ರಮ. ಕಿನ್ನಿ ಗೋಡೆಗೆ ಸುಣ್ಣ ಬಳಿದಳು. ಬಾಣಂತಿ ಮೀಯುವ ಹಂಡೆ ತಿಕ್ಕಿ ಕವುಚಿ ಇಟ್ಟಳು. ಆಗ ಅಳಿಯ ಫೋನು ಮಾಡಿದ. ಕೆಟ್ಟವನಲ್ಲ. ಆದರೂ ಅಂದ, "ಅತ್ತೆ, ಬೇಸರ ಮಾಡಬೇಡಿ. ಆ ಕೆಸರಿನಲ್ಲಿ ಮಗುವನ್ನು ಮೀಯಿಸುವುದು ಹೇಗೆ? ನೀರು ಸರಿಯಾಗಲಿ, ಅವಳನ್ನು ನಾನೇ ತಂದು ಬಿಡ್ತೇನೆ. ಇಲ್ಲದಿದ್ದರೆ ಇಲ್ಲೇ ಆಗಲಿ." ಕಿನ್ನಿ ಆಯ್ತು ಅಂದಳು. ಫೋನು ಇಟ್ಟು ಹಂಡೆಯ ಹತ್ತಿರ ಕೂತಳು.

ಅಂದಿನಿಂದ ಮೋಕ್ಷಿತಾ ದಿನಾ ಮಧ್ಯಾಹ್ನ ಕಳೆದ ಮೇಲೆ ಫೋನು ಮಾಡುವಳು. "ಅಮ್ಮಾ, ನೀರು ಹೇಗುಂಟು?" ಕಿನ್ನಿ ಅನ್ನುವಳು, "ತಿಳಿ ಆಗ್ತಾ ಉಂಟು ಮಗಾ." ಹೊಟ್ಟೆಯಲ್ಲಿ ಹುಟ್ಟಿದವಳಿಗೆ ದಿನಾ ಸುಳ್ಳು.

ಪ್ರವೀತ್ ಅಂತ ಒಬ್ಬನಿದ್ದಾನೆ, ವಾಸಪ್ಪನ ತಂಗಿಯ ಮಗ. ಈಗ ಊರಿನ ಬಾವಿಗೆಲ್ಲ ಇಳಿಯುವವನು ಅವನೇ. ಮೇಲೆ ಹಗ್ಗಕ್ಕೆ ಕಿನ್ನಿ. ಒಂದು ದಿನ ನನ್ನ ಬಾವಿಗೂ ಇಳಿ ಅಂತ ಎಷ್ಟು ಸಲ ಕೇಳಿದಳೋ. "ಬರುವ ವಾರ ನೋಡುವ ಮಾಮಿ" ಅನ್ನುತ್ತಾನೆ. ಅವನಿಗೂ ಭಟ್ಟರಲ್ಲೇ ಕೆಲಸ, ಭಟ್ಟರು ಹೇಳಿದ ದಿನವೇ ರಜೆ.

ಬೇಸಿಗೆ ಮುಗಿಯುತ್ತಾ ಬಂತು. ಇನ್ನೊಂದು ಮಳೆಗಾಲ ಹತ್ತಿರ ಬಂದರೆ ಕೆಸರು ತೆಗೆಯುವುದು ಮುಗಿದ ಮಾತು. ಅಂಥ ಹೊತ್ತಿನಲ್ಲಿ ಭಟ್ಟರೇ ಕಿನ್ನಿಯ ಅಂಗಳಕ್ಕೆ ಬಂದರು. ಮಗನಿಗೆ ಉಪನಯನ. ಮನೆಯ ಬಾವಿಯ ಕೆಸರು ತೆಗೆಯಬೇಕು, ನೀನೂ ಪ್ರವೀತನೂ ಬನ್ನಿ ಅಂತ ಹೇಳಲು ಬಂದದ್ದು.

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಜಾತಿ ಯಾವುದಾದರೂ ಸರಿ, ಬಾಯಾರಿಕೆ ಒಂದೇ ಅಲ್ವಾ. ಕಿನ್ನಿ ಕುರ್ಚಿ ಇಟ್ಟಳು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ತೊಳೆದು ಬೆಳಗಿದ ಚೊಂಬಿನಲ್ಲಿ ಸೋಸಿದ ನೀರು ತಂದು ಇಟ್ಟಳು. ಭಟ್ಟರು ಬೆಲ್ಲ ಬಾಯಿಗೆ ಹಾಕಿಕೊಂಡರು. ಚೊಂಬು ಮುಟ್ಟಲಿಲ್ಲ. ತಲೆ ಎತ್ತಿ ತೆಂಗಿನ ಮರ ನೋಡಿದರು.

"ಒಂದು ಬೊಂಡ ಇದ್ದರೆ ಸಾಕಿತ್ತು."

ಭಟ್ಟರು ಯಾವಾಗ ಬಂದರೂ ಎಳನೀರಿನ ಬೊಂಡವೇ. ಅವರ ತಂದೆಯೂ ಹಾಗೇ. ವಾಸಪ್ಪ ಇರುವಾಗ ಅಂಗಳದ ಆ ಮರದಲ್ಲಿ ಒಂದು ಗೊನೆ ಕೊಯ್ಯದೆ ಬಿಡುತ್ತಿದ್ದ. ಭಟ್ರ ಗೊನೆ ಅಂತಲೇ ಅದಕ್ಕೆ ಹೆಸರು. ಅವರಿಗೆ ಬೊಂಡ ಅಂದರೆ ಬಹಳ ಇಷ್ಟ ಅಂತ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ. ಪಾಪದವನು. ಇಷ್ಟವೂ ಇಲ್ಲ, ಕಷ್ಟವೂ ಇಲ್ಲ. ಬೊಂಡದ ನೀರಿಗೆ ಇವರ ಬಾವಿ ಇಲ್ಲ, ಇವರ ಚೊಂಬು ಇಲ್ಲ, ಇವರ ಕೈ ತಾಗಿದ್ದು ಸಿಪ್ಪೆಗೆ ಮಾತ್ರ. ಕಿನ್ನಿಗೆ ಇದು ಎಂದೋ ಗೊತ್ತಿತ್ತು. ಗಂಡನ ಸಂತೋಷ ಕೆಡಿಸುವುದು ಬೇಡ ಅಂತ ಬಾಯಿ ಬಿಟ್ಟಿರಲಿಲ್ಲ.

"ಬೊಂಡ ಇಲ್ಲ ಭಟ್ರೇ" ಅಂದಳು. "ಹತ್ತುವವರು ಹೋದರು. ನೀರು ಉಂಟು. ನಿಮ್ಮ ಗುಡ್ಡೆಯದ್ದೇ ಬಣ್ಣ."

ಭಟ್ಟರು ಚೊಂಬಿನ ಒಳಗೆ ನೋಡಿದರು. ಆಮೇಲೆ, "ನಮ್ಮ ಬಾವಿಯದ್ದೊಂದು ಆಗಲಿ. ಮರುದಿನವೇ ಪ್ರವೀತನನ್ನು ಇಲ್ಲಿಗೆ ಕಳಿಸ್ತೇನೆ. ಮೋಕ್ಷಿತಾ ಬರ್ಲಿಕ್ಕುಂಟಲ್ಲ, ನನಗೆ ಗೊತ್ತಿಲ್ವಾ" ಅಂದರು.

ಮೂಗಿಗೆ ತುಪ್ಪ ಸವರಿದ್ದು ಅಂತ ಅನುಮಾನ ಬಂತು. ಆದರೂ ಕಿನ್ನಿ ನಂಬಿದಳು. ಮಗಳ ಹೆಸರು ಹಿಡಿದು ಹೇಳಿದರಲ್ಲ, ಅದಕ್ಕೆ ನಂಬಿದಳು.

ಉಪನಯನಕ್ಕೆ ಎರಡು ದಿನ ಇರುವಾಗ ಕೆಲಸ. ವಾಸಪ್ಪನ ಹಗ್ಗ ಹೆಗಲಿಗೆ ಹಾಕಿ ಕಿನ್ನಿ ಹೋದಳು. ಪಂಪು ಇಟ್ಟು ನೀರು ಖಾಲಿ ಮಾಡಿದ್ದರು. ಪ್ರವೀತ್ ಇಳಿದ. ಆಂಡ್. ಓ. ಬುಟ್ಟಿ ಮೇಲೆ ಬಂತು. ಆಂಡ್. ಓ. ಬಿಸಿಲು ಏರಿತು. ರಾಟೆ ಕಿರುಗುಟ್ಟಿತು. ಹಗ್ಗ ಅಂಗೈಯ ಹಳೆಯ ಗೆರೆಯಲ್ಲೇ ಕೂತು ಉರಿಯಿತು. ಸೊಂಟ ಬಿದ್ದು ಹೋಗುವಷ್ಟು ನೋವು. ಕಪ್ಪು ಕೆಸರು ಮೈಮೇಲೆಲ್ಲ ಸೋರಿತು. ಊಟದ ಹೊತ್ತಿಗೆ ಅರ್ಧ ಆಗಿತ್ತು. ತಳದ ಒಂದು ಬದಿಯಲ್ಲಿ ಒರತೆ ತೆರೆದು ಹೊಸ ನೀರು ಉಕ್ಕಿತು. ನೋಡಲು ಮೇಲೆ ಕಳಿಸುತ್ತೇನೆ ಅಂತ ಪ್ರವೀತ್ ಒಂದು ಬಕೆಟು ತುಂಬಿಸಿ ಕೂಗಿದ.

ಬಂದದ್ದು ನೀರು. ಬಕೆಟಿನ ತಳ ಕಾಣುವ ನೀರು. ಕಿನ್ನಿ ಎಷ್ಟು ತಿಂಗಳಾಯಿತು ಅಂಥದ್ದನ್ನು ನೋಡದೆ. ಕೈ ತನ್ನಿಂದ ತಾನೇ ಬೊಗಸೆಯಾಯಿತು.

"ಅದಕ್ಕೆ ಕೈ ಹಾಕಬೇಡ ಕಿನ್ನಿ" ಅಂತ ಕೇಳಿತು. ಭಟ್ಟರ ಹೆಂಡತಿ ಪರಮೇಶ್ವರಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರದ್ದೂ ಮೆತ್ತಗಿನ ದನಿಯೇ. "ಕುಡಿಯಲಿಕ್ಕೆ ನಿಮಗೆ ಬಾಟ್ಲಿ ತರಿಸಿ ಇಟ್ಟಿದ್ದೇನೆ ನೋಡು. ಸೀಲು ಸಹಾ ಒಡೆದಿಲ್ಲ."

ಹಿಂದೆ ತೆಂಗಿನ ಗೆರಟೆಗೆ ಎತ್ತರದಿಂದ ನೀರು ಹೊಯ್ಯುತ್ತಿದ್ದರು. ಈಗ ಸೀಲು ಹಾಕಿದ ಬಾಟ್ಲಿ. ಕಾಲ ಸುಧಾರಿಸಿತು ಅನ್ನುತ್ತಾರಲ್ಲ, ಇದೇ ಇರಬೇಕು.

ಚಾವಡಿಯಲ್ಲಿ ಭಟ್ಟರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. "ಹೌದು, ಅವರು ಇಳಿದಿದ್ದಾರೆ. ಹಾಗೆ ಒಮ್ಮೆ ಶುದ್ಧ ಆಗಬೇಕು. ನೀವು ಬಂದು ಪಂಚಗವ್ಯ ಹಾಕಿ ಕೊಡಿ." ಮರೆಮಾಚಿ ಹೇಳಿದ್ದೂ ಅಲ್ಲ. ದನದ ಗಂಜಲ ಬಿದ್ದರೆ ಬಾವಿ ಶುದ್ಧ. ಕೆಸರು ಬಾಚಿದ ಕೈ ತಾಗಿದರೆ ಮೈಲಿಗೆ. ಕಿನ್ನಿಗೆ ಹೊಸತಲ್ಲ ಇದು. ಎಷ್ಟೋ ಮನೆಯಲ್ಲಿ ಕೇಳಿ, ಕೇಳದ ಹಾಗೆ ಹಗ್ಗ ಸುತ್ತಿಕೊಂಡು ಬಂದಿದ್ದಾಳೆ. ಅವಳು ಬಾಟ್ಲಿ ಮುಟ್ಟಲಿಲ್ಲ. ಒಣಗಿದ ಬಾಯಿಯಲ್ಲೇ ಕೇಳಿದಳು.

"ಭಟ್ರೇ, ನಾಳೆ ಪ್ರವೀತ ನನ್ನಲ್ಲಿಗೆ ಅಲ್ವಾ?"

"ನಾಳೆಯಾ? ನಾಳೆ ಅವನಿಗೆ ಇಲ್ಲಿ ಚಪ್ಪರದ ಕೆಲಸ ಉಂಟಲ್ಲ ಮಾರಾಯ್ತಿ. ಆಮೇಲೆ ಮಳೆ ಹಿಡಿಯುವ ಅಂದಾಜುಂಟು. ಒಂದು ಕೆಲಸ ಮಾಡು. ಈ ಮಳೆಗಾಲ ಕಳೀಲಿ."

"ಮೋಕ್ಷಿತಾ?"

"ಈಗ ಎಲ್ಲ ಆಸ್ಪತ್ರೆಯಲ್ಲೇ ಅಲ್ವಾ. ಗಂಡನ ಮನೆಯವರೂ ಒಳ್ಳೆಯವರಂತೆ."

ಕಿನ್ನಿ ಬಾವಿಗೆ ಬಗ್ಗಿದಳು.

"ಪ್ರವೀತಾ, ಮೇಲೆ ಬಾ."

"ಬುಟ್ಟಿ ತುಂಬಿದೆ ಮಾಮಿ. ಆಂಡ್."

"ಬುಟ್ಟಿ ಅಲ್ಲಿರಲಿ. ನೀನು ಬಾ."

ಹಗ್ಗ ಹಿಡಿದು, ಗೋಡೆಯ ಗುಳಿಗಳಲ್ಲಿ ಕಾಲಿಟ್ಟು ಅವನು ಹತ್ತಿ ಬರುವವರೆಗೆ ಗಟ್ಟಿಯಾಗಿ ಹಿಡಿದು ನಿಂತಳು. ಅವನ ಎರಡು ಕಾಲೂ ನೆಲಕ್ಕೆ ತಾಗಿದ ಮೇಲೆ ಹಗ್ಗ ಬಿಚ್ಚಿದಳು. ಸುತ್ತಿ ಹೆಗಲಿಗೆ ಹಾಕಿದಳು.

ಭಟ್ಟರು ಅಂಗಳಕ್ಕೆ ಇಳಿದರು. "ಎಂತ ಇದು? ಬಾವಿ ಕಲಕಿ ಅರ್ಧಕ್ಕೆ ಬಿಟ್ಟು ಹೋಗುವುದಾ? ನಾಡಿದ್ದು ಮನೆ ತುಂಬ ಜನ."

"ನನ್ನ ಬಾವಿ ಕಲಕಿದವರು ಯಾರು ಭಟ್ರೇ?"

"ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ಎರಡು ದಿನ ನೀರು ಮುಟ್ಟಬೇಡಿ. ತನ್ನಷ್ಟಕ್ಕೆ ತಿಳಿಯಾಗ್ತದೆ. ಕಾಯಬೇಕು" ಅಂದಳು ಕಿನ್ನಿ.

ಜೋರಾಗಿ ಹೇಳಲಿಲ್ಲ. ಅವರೇ ಅವಳಿಗೆ ಹೇಳಿದ ದನಿಯಲ್ಲಿ ಹೇಳಿದಳು. ಪ್ರವೀತ್ ಗೇಟಿನವರೆಗೆ ಹಿಂದೆ ಓಡಿ ಬಂದ. "ಮಾಮಿ, ನನಗೆ ನಾಳೆಯೂ ಇವರ ಮುಖ ನೋಡ್ಲಿಕ್ಕುಂಟು" ಅಂದ. "ನನ್ನ ಒಟ್ಟಿಗೆ ಬಾ ಅಂತ ನಾನು ಹೇಳಿದೆನಾ? ಮೇಲೆ ಬಾ ಅಂದೆ, ಬಂದೆ. ಇನ್ನು ನಿನ್ನ ದಾರಿ ನಿನಗೆ" ಅಂದಳು. ಅವನು ಗೇಟಿನ ಹತ್ತಿರವೇ ನಿಂತ. ಬೈಯಲು ಅವಳಿಗೆ ಮನಸ್ಸಾಗಲಿಲ್ಲ. ಅವನ ಮನೆಯಲ್ಲೂ ಒಲೆ ಉರಿಯಬೇಕು.

ಗುಡ್ಡೆ ಇಳಿದು ಬರುವಾಗ ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಈ ಊರಿನಲ್ಲಿ ಇನ್ನು ತನ್ನನ್ನು ಯಾವ ಬಾವಿಗೂ ಕರೆಯುವುದಿಲ್ಲ ಅಂತ ಗೊತ್ತಾಯಿತು. ಆದರೂ ಹೆಗಲಿನ ಹಗ್ಗ ಹಗುರವಾಗಿತ್ತು.

ಹೆಂಗಸು ಬಾವಿಗೆ ಇಳಿಯಬಾರದು ಅನ್ನುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಕಿನ್ನಿ ಸೀರೆ ಎತ್ತಿ ಕಚ್ಚೆ ಕಟ್ಟಿದಳು. ಮೇಲೊಂದು ವಾಸಪ್ಪನ ಅಂಗಿ ಹಾಕಿದಳು. ವಾಸಪ್ಪ ಮಾಡುತ್ತಿದ್ದ ಹಾಗೆ ಸೊಪ್ಪಿನ ಗೆಲ್ಲೊಂದನ್ನು ಹಗ್ಗಕ್ಕೆ ಕಟ್ಟಿ ಒಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಓಡಾಡುವಂತೆ ಮಾಡಿದಳು. ದೀಪ ಇಳಿಸಿ, ಅದು ಆರದೆ ಉರಿಯುವುದನ್ನು ನೋಡಿದಳು. ಹಗ್ಗದ ಒಂದು ತುದಿಯನ್ನು ಭಟ್ರ ಗೊನೆಯ ಆ ತೆಂಗಿನ ಮರಕ್ಕೇ ಬಿಗಿದಳು. ರಾಟೆಯ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟಳು. ಫೋನನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಬಾವಿಕಟ್ಟೆಯ ಮೇಲಿಟ್ಟಳು. ಇಳಿದಳು.

ಒಳಗೆ ತಂಪು. ಬೇಸಿಗೆಗೆ ನೀರು ತಳಕ್ಕೆ ಇಳಿದಿತ್ತು, ಕೆಸರು ಮೊಣಕಾಲು ಮುಚ್ಚಿತು. ಬರಿಗೈಯಲ್ಲಿ ಬಾಚಿದಳು. ನುಣ್ಣಗಿನ ಕೆಂಪು ಮಣ್ಣು, ಹಿಡಿದಷ್ಟೂ ಜಾರುತ್ತದೆ. ಬುಟ್ಟಿ ತುಂಬಿತು. ತಲೆ ಎತ್ತಿದಳು. ಮೇಲೆ ಒಂದು ತಟ್ಟೆಯಷ್ಟು ಆಕಾಶ. ಗೊತ್ತಿದ್ದೂ ಗೊತ್ತಿದ್ದೂ ಬಾಯಿಯಿಂದ ಬಂತು.

"ಆಂಡ್."

ಏನೂ ಇಲ್ಲ. ಅವಳದ್ದೇ ದನಿ ಗೋಡೆಗೆ ತಾಗಿ ನೀರಿಗೆ ಬಿತ್ತು. ಇಷ್ಟು ವರ್ಷ ವಾಸಪ್ಪ ನಿಂತದ್ದು ಇಲ್ಲಿ. ತಾನು ಒಂದು ದಿನವಾದರೂ ಓ ಅನ್ನಲು ತಡ ಮಾಡಿದ್ದೆನಾ ಅಂತ ಯೋಚಿಸಿದಳು. ಅಳು ಬಂತು. ಅತ್ತಳು. ಅಲ್ಲಿ ನಾಚಿಕೆಪಡಲು ಯಾರಿದ್ದಾರೆ?

"ಕಿನ್ನೀ."

"ಓ" ಅಂದುಬಿಟ್ಟಳು. ಅಭ್ಯಾಸಬಲ. ತಟ್ಟೆಯಷ್ಟು ಆಕಾಶದಲ್ಲಿ ಒಂದು ತಲೆ ಕಾಣಿಸಿತು. ಭಟ್ಟರು.

"ಹೆಂಗಸು ಬಾವಿಗೆ ಇಳಿಯುವುದಾ? ಎಂತ ಅವತಾರ ಇದು? ಮೇಲೆ ಬಾ. ಆದದ್ದಾಯ್ತು. ಪ್ರವೀತ ಇಳಿಯಲು ತಯಾರಿದ್ದಾನೆ, ಮೇಲೆ ನಿಲ್ಲಲು ಜನ ಇಲ್ಲ. ನಮ್ಮಲ್ಲಿ ಹಗ್ಗ ಹಿಡಿದು ಗೊತ್ತಿದ್ದವರು ಯಾರಿದ್ದಾರೆ ಹೇಳು."

"ಬಂದದ್ದು ಒಳ್ಳೆಯದಾಯ್ತು ಭಟ್ರೇ. ಬುಟ್ಟಿ ತುಂಬಿದೆ. ಎಳೆಯಿರಿ."

"ನಾನಾ?"

"ನಿಮ್ಮದೇ ಮಣ್ಣು. ಹಗ್ಗ ಅಲ್ಲೇ ರಾಟೆಯಲ್ಲಿ ಉಂಟು. ಕೆಳಗಿನವರು ಆಂಡ್ ಅಂದರೆ ಮೇಲಿನವರು ಓ ಅನ್ನಬೇಕು. ಅದು ಈ ಕೆಲಸದ ಮರ್ಯಾದೆ." ಉಸಿರು ತೆಗೆದುಕೊಂಡಳು. "ಆಂಡ್."

ಮೇಲೆ ಮಾತಿಲ್ಲ. ಹಗ್ಗ ಅಲುಗಲಿಲ್ಲ. ಅವಳು ಕಾದಳು. ನಿಜ ಹೇಳುವುದಾದರೆ, ಬರಬಹುದು ಅಂತಲೇ ಕಾದಳು. ಒಂದು ಓ. ಅದಕ್ಕೆ ಬಾವಿಯೂ ಬೇಡ, ಚೊಂಬೂ ಬೇಡ. ಬಾಯಿಯಿಂದ ಬರುವ ಗಾಳಿ ಅದು. ತಲೆ ಸರಿಯಿತು. ಚಪ್ಪಲಿಯ ಸದ್ದು ಅಂಗಳ ದಾಟಿ ಗುಡ್ಡೆಯ ಕಡೆ ಹೋಯಿತು. ಆಕಾಶ ಮಾತ್ರ ಉಳಿಯಿತು.

ಕಿನ್ನಿ ಗುಳಿಯಲ್ಲಿ ಕಾಲಿಟ್ಟು ಹತ್ತಿದಳು. ಮೇಲೆ ಬಂದು ತಾನೇ ಬುಟ್ಟಿ ಎಳೆದಳು. ತಲೆಯ ಮೇಲೆ ಹೊತ್ತು, ಭಟ್ಟರ ಜೀಪು ಗುಡ್ಡೆ ಹತ್ತುವ ದಾರಿಯ ನಟ್ಟ ನಡುವೆ ಸುರಿದಳು. ಮಣ್ಣು ಯಾರದ್ದೋ ಅವರ ದಾರಿಗೆ.

ತಿರುಗಿ ಬಂದು ಬುಟ್ಟಿ ಇಳಿಸಿ, ಕಾಲು ಇಳಿಬಿಡುವಾಗ ಫೋನು ಹೊಡೆದುಕೊಂಡಿತು. ಮೋಕ್ಷಿತಾ.

"ಅಮ್ಮಾ, ನೀರು ಹೇಗುಂಟು?"

ತಿಳಿ ಆಗ್ತಾ ಉಂಟು ಅನ್ನಲು ಬಾಯಿ ತೆರೆದಳು. ಆಗಲಿಲ್ಲ.

"ಕೆಂಪು" ಅಂದಳು. "ಒಂದು ವರ್ಷದಿಂದ ಕೆಂಪೇ ಉಂಟು ಮಗಾ. ನಾನು ಹೇಳಿದ್ದೆಲ್ಲ ಸುಳ್ಳು. ಈಗ ಇಳಿದು ತೆಗೀತಾ ಇದ್ದೇನೆ."

"ಇಳಿದಾ? ಮೇಲೆ ಯಾರುಂಟು?"

"ಯಾರೂ ಇಲ್ಲ."

ಬೋವಿಕಾನದ ಪೇಟೆಯ ಬಸ್ಸಿನ ಹಾರ್ನ್ ಫೋನಿನಲ್ಲಿ ಕೇಳಿತು. ಬೈಯುತ್ತಾಳೆ ಅಂದುಕೊಂಡಳು ಕಿನ್ನಿ. ಅಳುತ್ತಾಳೆ ಅಂದುಕೊಂಡಳು.

"ಅಮ್ಮಾ, ಕಟ್ ಮಾಡಬೇಡ" ಅಂದಳು ಮೋಕ್ಷಿತಾ. ದನಿ ಗಟ್ಟಿ ಇತ್ತು. "ಸ್ಪೀಕರಿಗೆ ಹಾಕು. ಕಟ್ಟೆಯ ಮೇಲೆ ಬಾವಿಯ ಕಡೆ ಮುಖ ಮಾಡಿ ಇಡು. ನೀನು ಇಳಿ. ಬುಟ್ಟಿ ತುಂಬಿದ ಕೂಡಲೇ ಕೂಗು."

ಕಿನ್ನಿ ಹೇಳಿದ ಹಾಗೆ ಮಾಡಿದಳು. ಗುಳಿ ಗುಳಿಯಲ್ಲಿ ಕಾಲಿಟ್ಟು ಇಳಿದಳು. ಕೆಸರಿಗೆ ಕೈ ಹಾಕಿದಳು. ಬಾಚಿದಳು, ಬಾಚಿದಳು. ಬುಟ್ಟಿ ತುಂಬಿತು. ತಲೆ ಎತ್ತಿ, ಊರಿಗೆಲ್ಲ ಕೇಳಲಿ ಅನ್ನುವಷ್ಟು ಗಟ್ಟಿಯಾಗಿ ಕೂಗಿದಳು.

"ಆಂಡ್."

"ಓ" ಅಂತ ಬಂತು ಮೇಲಿನಿಂದ.

ಓ ಅಂದ ಮಾತ್ರಕ್ಕೆ ಬುಟ್ಟಿ ಮೇಲೆ ಹೋಗುವುದಿಲ್ಲ. ಎಳೆಯಲು ಅವಳೇ ಹತ್ತಬೇಕು. ಕಿನ್ನಿ ಗುಳಿಯಲ್ಲಿ ಕಾಲಿಟ್ಟಳು.